ದೆವ್ವಕ್ಕೂ ದೇವಕಾರ್ಯಕ್ಕೂ ನಡುವೆ ಸಿಕ್ಕಿಕೊಂಡ ದೋಟಿ

ಜೂನ್ ತಿಂಗಳ ಒಂದು ಸಂಜೆ. ಶಿರಸಿ ಸೀಮೆಯ ನಮ್ಮ ಹಳ್ಳಿಯಲ್ಲಿ ಕರೆಂಟ್ ಹೋಗಿ ಮೂರು ತಾಸು ಕಳೆದಿತ್ತು, ಮೊಬೈಲ್ ಟವರ್ ಕೂಡ ಸುಮ್ಮನಾಗಿತ್ತು. ನಮ್ಮ ಊರಿನ ನಿವೃತ್ತ ಮಾಸ್ತರು ಜಗುಲಿಯಲ್ಲಿ ಕುಳಿತು, ನಾನು ಹಿಂದಿನ ದಿನವಷ್ಟೇ ಅವರ ಫೋನಿಗೆ ಹಾಕಿಕೊಟ್ಟಿದ್ದ ಪದಕೋಶದ ಆ್ಯಪ್ ತೆರೆದು, ಹುಡುಕುವ ಜಾಗದಲ್ಲಿ ‘ದೋಟಿ’ ಎಂದು ಬರೆದರು. ‘ಪದ ಸಿಗಲಿಲ್ಲ’ ಎಂಬ ಉತ್ತರ ಬಂತು. ಅವರು ತಲೆಯೆತ್ತಿ ಮಾಡಿನ ಕಡೆ ನೋಡಿದರು. ಅಲ್ಲಿ ಜಂತಿಯ ಕೆಳಗೆ ಉದ್ದಕ್ಕೆ ಸಿಕ್ಕಿಸಿಟ್ಟ ದೋಟಿ, ಅಂದರೆ ಅಡಿಕೆ, ತೆಂಗು ಕೊಯ್ಯುವ ಬಿದಿರಿನ ಗಳ, ಇತ್ತು.

“ತಮ್ಮಾ, ಈ ಪದವನ್ನು ನಾನೇ ಬರೆದದ್ದು. ಮೂರು ಸಾಲಿನ ಅರ್ಥ ಕೊಟ್ಟಿದ್ದೇನೆ. ಎಲ್ಲಿಗೆ ಹೋಯಿತು?”

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ನಮಗೆ ಐದು ವಾರ ಬೇಕಾಯಿತು. ನಡುವೆ ಒಮ್ಮೆ ತಪ್ಪು ಉತ್ತರವನ್ನೇ ಸರಿಯೆಂದು ನಂಬಿ ಸಂತೋಷಪಟ್ಟೆವು. ಬಿಡುವಿನ ವೇಳೆಯಲ್ಲಿ ಕನ್ನಡದ ಪದಗಳನ್ನು ಇಟ್ಟುಕೊಂಡು ಏನಾದರೂ ಕಟ್ಟುತ್ತಿರುವ ಇನ್ನೊಬ್ಬರಿಗೆ ಆ ಐದು ವಾರ ಉಳಿಯಲಿ ಎಂದು ಇಡೀ ಪ್ರಕರಣವನ್ನು ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಮಾಸ್ತರು ನೌಕರಿಯಲ್ಲಿದ್ದಾಗಲೇ ತೋಟ, ಬೆಟ್ಟ, ಕೊಟ್ಟಿಗೆ, ಅಡುಗೆಮನೆಗಳ ಪದಗಳನ್ನು ಚೀಟಿಗಳಲ್ಲಿ ಬರೆದಿಡುತ್ತ ಬಂದವರು. ಗೋಟು, ಬೆಟ್ಟೆ, ಚಾಲಿ, ಕೋಕಾ ಎಂಬ ಅಡಿಕೆಯ ಬಗೆಗಳು. ಕೊನೆಗೌಡ, ಕೊಟ್ಟೆ, ಹಾಳೆ. ಅಪ್ಪೆಮಿಡಿ, ತಂಬುಳಿ, ತೊಡೆದೇವು. ನಿವೃತ್ತಿಯ ನಂತರ ಅವೆಲ್ಲವನ್ನೂ ತಾವೇ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದರು. ಸುಮಾರು 4,000 ಪದಗಳು, ಎಲ್ಲವೂ ಹಳೆಯ ನುಡಿ ತಂತ್ರಾಂಶದ ಅಕ್ಷರಗಳಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಿಂದಲೇ ನಮ್ಮ ಕಡೆಯ ಎಷ್ಟೋ ಶಾಲೆ, ಪಂಚಾಯಿತಿಗಳಲ್ಲಿ ಕನ್ನಡದ ಬೆರಳಚ್ಚು ಶುರುವಾದದ್ದು. ಆದರೆ ಆ ಹಳೆಯ ಅಕ್ಷರಶೈಲಿಯ ಕಡತವನ್ನು ನುಡಿ ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ರಾಶಿ ಕಾಣುತ್ತದೆ. ಅಲ್ಲಿ ಕಡತದೊಳಗೆ ಇರುವುದು ಕನ್ನಡದ ಅಕ್ಷರವಲ್ಲ, ಕನ್ನಡದ ಅಕ್ಷರದ ತುಂಡನ್ನು ಚಿತ್ರಿಸುವ ಇನ್ನಾವುದೋ ಅಕ್ಷರ. ಅದನ್ನು, ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಗೊತ್ತುಮಾಡಿರುವ ಸಾರ್ವತ್ರಿಕ ಕ್ರಮವಾದ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಕೆಲಸಕ್ಕೆ ಇಳಿದವರು ಮೂವರು. ನಾನು ತೋಟ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನು. ಕಾರವಾರದ ಒಬ್ಬ ಗೆಳೆಯ ಲೆಕ್ಕಪತ್ರದ ಕೆಲಸದವನು. ಕಡಲಿನ ಭರತಿ ಇಳಿತದ ಹೊತ್ತನ್ನು ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಅವನ ವರ್ಷಗಳ ಹವ್ಯಾಸ. ಮೂರನೆಯವಳು ನನ್ನ ಅಣ್ಣನ ಮಗಳು. ಶಿರಸಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ, ಆ್ಯಪಿನ ಮುಖವನ್ನು ಅವಳೇ ಕಟ್ಟಿದ್ದು. ನಮ್ಮ ಷರತ್ತು ಒಂದೇ: ಮಳೆಗಾಲದಲ್ಲಿ ಇಂಟರ್ನೆಟ್ ಇಲ್ಲದೆಯೂ ಪದಕೋಶ ನಡೆಯಬೇಕು. ಹಾಗಾಗಿ ಎಲ್ಲ ಪದಗಳನ್ನೂ ಎಸ್‌ಕ್ಯುಎಲೈಟ್ ಎಂಬ ಒಂದೇ ಕಡತದ ದತ್ತಸಂಚಯದಲ್ಲಿ ತುಂಬಿ, ಆ್ಯಪಿನ ಒಳಗೇ ಇಟ್ಟೆವು. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ತಂತ್ರಾಂಶ ಇಂದು ಹೆಚ್ಚುಕಡಿಮೆ ಪ್ರತಿಯೊಂದು ಫೋನಿನಲ್ಲೂ ಇದೆ. ಹವ್ಯಾಸಿಗಳಿಗೆ ಇಷ್ಟು ಗಟ್ಟಿಯಾದ, ಉಚಿತವಾದ ಸಾಧನ ಸಿಕ್ಕಿರುವುದು ನಮ್ಮ ಕಾಲದ ದೊಡ್ಡ ಅನುಕೂಲ ಎಂದೇ ನಾನು ನಂಬುತ್ತೇನೆ.

ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಪ್ರೋಗ್ರಾಂಗಳು ಈಗಾಗಲೇ ಇವೆ. ಆದರೂ ನಾನೇ ಒಂದನ್ನು ಬರೆದೆ, ಏಕೆಂದರೆ ಮಾಸ್ತರು ಗಿಡಮರಗಳಿಗೆ ಒಂದು, ಉಪಕರಣಗಳಿಗೆ ಒಂದು, ಹೀಗೆ ತಮ್ಮದೇ ಗುರುತುಗಳನ್ನು ಪದದ ಮುಂದೆ ಹಾಕಿದ್ದರು, ಅವು ಕಳೆದುಹೋಗಬಾರದಿತ್ತು. ಬರೆಯುವಾಗ ನನ್ನನ್ನು ಹೆಚ್ಚು ಕಾಡಿದ್ದು ಒತ್ತಕ್ಷರಗಳು. ‘ಸುಗ್ಗಿ’ ಎಂಬ ಪದದಲ್ಲಿ ನುಡಿ ಮೊದಲು ‘ಗಿ’ಯನ್ನೂ ಆಮೇಲೆ ಗಕಾರದ ಒತ್ತನ್ನೂ ಇಡುತ್ತದೆ; ಯೂನಿಕೋಡ್ ಕೇಳುವುದು ಗಕಾರ, ಅರ್ಧಾಕ್ಷರದ ಗುರುತು, ಮತ್ತೊಂದು ಗಕಾರ, ಕೊನೆಗೆ ಗುಡಿಸು. ‘ಪರ್ವ’ದಲ್ಲಿ ನುಡಿ ವಕಾರದ ನಂತರ ಇಡುವ ಅರ್ಕಾವೊತ್ತು ವಕಾರಕ್ಕಿಂತ ಮೊದಲು ಬರಬೇಕು. ಇವುಗಳಿಗಾಗಿ ಹಲವು ರಾತ್ರಿ ಕುಳಿತೆ. ಕೊನೆಗೆ ಪರೀಕ್ಷೆಗೆಂದು ಒಂದಷ್ಟು ಪದಗಳನ್ನು ಆರಿಸಿಕೊಂಡೆ: ಅಡಿಕೆ, ಹಾಳೆ, ಬೆಟ್ಟ, ಚಾಲಿ, ರಾಶಿ, ಬಾಳೆ, ಸುಗ್ಗಿ, ಪರ್ವ, ಅಪ್ಪೆಮಿಡಿ, ತಂಬುಳಿ. ಎಲ್ಲವೂ ಸರಿಯಾಗಿ ಕಾಣಿಸಿದವು, ಹುಡುಕಿದರೆ ಸಿಕ್ಕವು.

ಈ ಪಟ್ಟಿಯನ್ನು ಓದುಗರು ಇನ್ನೊಮ್ಮೆ ನೋಡಬೇಕು. ತಪ್ಪು ಅಲ್ಲೇ ಅಡಗಿದೆ.

ತಪ್ಪು ಉತ್ತರ

‘ದೋಟಿ’ ಸಿಗಲಿಲ್ಲ ಎಂದಾಗ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪದದ ಹಿಂದೆ ಮುಂದೆ ಖಾಲಿ ಜಾಗ ಸೇರಿದೆಯೇ ಎಂದು ನೋಡಿದೆ, ಮಾಸ್ತರ ಫೋನಿನ ಕೀಲಿಮಣೆ ಬದಲಿಸಿ ನೋಡಿದೆ, ಆ್ಯಪನ್ನು ತೆಗೆದು ಮತ್ತೆ ಹಾಕಿದೆ. ಪದ ದತ್ತಸಂಚಯದಲ್ಲಿ ಇತ್ತು. ಪಟ್ಟಿಯನ್ನು ಬೆರಳಿನಿಂದ ಸರಿಸುತ್ತ ಹೋದರೆ ಕಣ್ಣಿಗೆ ಕಾಣುತ್ತಿತ್ತು. ಹುಡುಕಿದರೆ ಮಾತ್ರ ಇಲ್ಲ.

ಆ ವಾರದ ಕೊನೆಗೆ ಕಾರವಾರದ ಗೆಳೆಯ ಘಟ್ಟ ಹತ್ತಿ ಬಂದ. ನಾನು ಬರೆದಿದ್ದ ಹುಡುಕಾಟ ತೀರಾ ಸರಳವಾದದ್ದು, ಬರೆದ ಪದವನ್ನು ಇದ್ದ ಪದಗಳ ಜೊತೆ ನೇರವಾಗಿ ಹೋಲಿಸುವಂಥದ್ದು. “ಇದನ್ನು ಬಿಡು. ಎಫ್‌ಟಿಎಸ್5 ಹಾಕು. ಪದದ ಜೊತೆ ಅರ್ಥದ ಸಾಲುಗಳಲ್ಲೂ ಹುಡುಕಬಹುದು,” ಎಂದ. ಎಫ್‌ಟಿಎಸ್5 ಎಂದರೆ ಎಸ್‌ಕ್ಯುಎಲೈಟ್‌ಗೆ 2015ರಲ್ಲಿ ಸೇರಿದ ಪಠ್ಯ ಹುಡುಕಾಟದ ಸಲಕರಣೆ. ಪಠ್ಯವನ್ನು ಪದಪದವಾಗಿ ಒಡೆದು ಸೂಚಿ ಮಾಡಿಕೊಳ್ಳುತ್ತದೆ. ಫೋನಿನೊಳಗೆ ಮೊದಲೇ ಇರುವ ಎಸ್‌ಕ್ಯುಎಲೈಟ್‌ನಲ್ಲಿ ಅದು ಇರುತ್ತದೆಂಬ ಭರವಸೆ ಇಲ್ಲದ ಕಾರಣ ನಮ್ಮದೇ ಪ್ರತಿಯನ್ನು ಆ್ಯಪಿನ ಜೊತೆ ಕಟ್ಟಿದೆವು. ರಾತ್ರಿ ಹನ್ನೊಂದರ ಹೊತ್ತಿಗೆ ‘ದೋಟಿ’ ಎಂದು ಬರೆದೆವು. ಸಿಕ್ಕಿತು! ಮೂರು ಸಾಲಿನ ಅರ್ಥದ ಸಮೇತ.

ಯಾಕೆ ಸಿಕ್ಕಿತು ಎಂದು ಆ ರಾತ್ರಿ ಯಾರೂ ಕೇಳಲಿಲ್ಲ. ಈ ಪ್ರಕರಣದಲ್ಲಿ ನಾನು ಅತ್ಯಂತ ಗಂಭೀರವಾಗಿ ಪರಿಗಣಿಸುವ ತಪ್ಪು ಇದು. ನುಡಿಯ ಯಾವ ತುಂಡಿಗೆ ಯೂನಿಕೋಡಿನ ಯಾವ ಚಿಹ್ನೆ ಎಂದು ನಾನು ಬರೆದಿಟ್ಟ ಪರಿವರ್ತನೆಯ ಕೋಷ್ಟಕದಲ್ಲಿ ಆದದ್ದು, ಮುಂದೆ ತಿಳಿಯುವಂತೆ, ಅರಿಯದೆ ಆದ ತಪ್ಪು. ಇದು ಹಾಗಲ್ಲ. ಮೊದಲು ಏಕೆ ಸಿಗುತ್ತಿರಲಿಲ್ಲ ಎಂಬುದೇ ನಮಗೆ ಗೊತ್ತಿರಲಿಲ್ಲ. ಈಗ ಸಿಕ್ಕದ್ದಕ್ಕೂ ಕಾರಣ ಹೇಳಲು ಬರುತ್ತಿರಲಿಲ್ಲ. ಆದರೂ ದುರಸ್ತಿ ಆಯಿತೆಂದು, ಪ್ರೋಗ್ರಾಂನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿ ಬರೆದು, ಊರಿನ ಆರೇಳು ಮನೆಗಳ ಫೋನಿಗೆ ಹಾಕಿಕೊಟ್ಟೆವು.

ಹತ್ತು ದಿನ ಕಳೆದ ಮೇಲೆ ಅತ್ತಿಗೆ ಕೇಳಿದರು: “ತೋಟ ಎಂದು ಹುಡುಕಿದರೆ ಕವಳ ಯಾಕೆ ಬರುತ್ತದೆ? ಕೆಸುವಿನ ಸೊಪ್ಪೂ ಬರುತ್ತದೆ.” ನೋಡಿದೆ. ಕವಳದ ಅರ್ಥದಲ್ಲಿ ಎಲೆ, ಅಡಿಕೆ, ಸುಣ್ಣದ ಮಾತಿನ ಜೊತೆಗೆ ‘ತುಟಿ’ ಎಂಬ ಪದವಿತ್ತು. ಕೆಸುವಿನ ಅರ್ಥದಲ್ಲಿ ಗಂಟಲ ‘ತೀಟೆ’ ಇತ್ತು. ತೋಟ, ತುಟಿ, ತೀಟೆ. ಮೂರರಲ್ಲೂ ತಕಾರ, ಟಕಾರ. ಸ್ವರಗಳು ಮಾತ್ರ ಬೇರೆ.

ಕಾರಣವನ್ನು ಅಣ್ಣನ ಮಗಳು ಎಸ್‌ಕ್ಯುಎಲೈಟ್‌ನ ಕೈಪಿಡಿಯಲ್ಲಿ ಹುಡುಕಿ ತೆಗೆದಳು. ಪಠ್ಯವನ್ನು ಪದವಾಗಿ ಒಡೆಯುವಾಗ ಎಫ್‌ಟಿಎಸ್5 ಯಾವ ಚಿಹ್ನೆ ಪದಕ್ಕೆ ಸೇರಿದ್ದು, ಯಾವುದು ಪದಗಳ ನಡುವಿನ ಬೇಲಿ ಎಂದು ಯೂನಿಕೋಡ್‌ನ ವರ್ಗೀಕರಣವನ್ನು ನೋಡಿ ತೀರ್ಮಾನಿಸುತ್ತದೆ. ನಾವೇ ಬೇರೆ ಹೇಳದಿದ್ದರೆ ಅಕ್ಷರ ಮತ್ತು ಅಂಕಿ ಪದಕ್ಕೆ ಸೇರುತ್ತವೆ, ಉಳಿದದ್ದು ಬೇಲಿ. ಕನ್ನಡದ ‘ಅ’, ‘ಕ’ಗಳು ಯೂನಿಕೋಡ್‌ನಲ್ಲಿ ಅಕ್ಷರ ವರ್ಗದವು. ಆದರೆ ಕಾಗುಣಿತದ ಇಳಿ, ಗುಡಿಸು, ಕೊಂಬು, ಏತ್ವಗಳೂ ಅರ್ಧಾಕ್ಷರದ ಗುರುತೂ ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರಿವೆ. ಹೀಗಾಗಿ ನಮ್ಮ ‘ತೋಟ’ ಅದರ ಕಣ್ಣಿಗೆ ‘ತ’ ಮತ್ತು ‘ಟ’ ಎಂಬ ಎರಡು ಪದ. ‘ತುಟಿ’ಯೂ ಅದೇ ಎರಡು ಪದ. ನಾವು ಕಂಡ ಯಶಸ್ಸಿನ ಗುಟ್ಟು ಇಷ್ಟೇ: ಎಲ್ಲ ಸ್ವರಚಿಹ್ನೆಗಳನ್ನೂ ಒರೆಸಿ ಹಾಕಿದ್ದರಿಂದ, ಸ್ವರಚಿಹ್ನೆಯಲ್ಲಿದ್ದ ದೋಷವೂ ಅದರ ಜೊತೆಗೆ ಒರೆಸಿಹೋಗಿತ್ತು.

ಗುರುತುಗಳನ್ನೂ ಪದಕ್ಕೆ ಸೇರಿಸಿಕೊ ಎಂದು ಹೇಳಲು ಎಫ್‌ಟಿಎಸ್5ನಲ್ಲಿ ಅವಕಾಶವಿದೆ, ಒಂದೇ ಸಾಲಿನ ಬದಲಾವಣೆ. ಹಾಕಿದೆವು. ತುಟಿ, ತೀಟೆ ಹೋದವು. ತೋಟವೂ ಹೋಯಿತು. ಗದ್ದೆ ಸಿಗುತ್ತದೆ, ತೋಟ ಸಿಗುವುದಿಲ್ಲ. ಅಡಿಕೆ ಸಿಗುತ್ತದೆ, ಗೋಟು ಸಿಗುವುದಿಲ್ಲ. ದೋಟಿ ಮತ್ತೆ ನಾಪತ್ತೆ. ಮೊದಲ ದಿನ ಎಲ್ಲಿದ್ದೆವೋ ಅಲ್ಲಿಗೇ ಬಂದು ನಿಂತೆವು. ಆದರೆ ಈಗ ನಮ್ಮ ಬಳಿ ಒಂದು ಪದದ ಬದಲು ಒಂದು ಗುಂಪು ಪದಗಳಿದ್ದವು, ಅದೇ ಆ ಮೂರು ವಾರಗಳ ಗಳಿಕೆ.

ಮಾಸ್ತರು ಕಂಡದ್ದು

ಪತ್ತೆ ಹಚ್ಚಿದವರು ನಮ್ಮ ಮೂವರಲ್ಲಿ ಯಾರೂ ಅಲ್ಲ.

ಚೀಟಿಗಳ ಕಾಲದಲ್ಲಿ ಮಾಸ್ತರು ಪ್ರತಿ ಭಾನುವಾರ ಹೊಸ ಚೀಟಿಗಳನ್ನು ಅಕಾರಾದಿಯಾಗಿ ಹಳೆಯವುಗಳ ನಡುವೆ ಸೇರಿಸುತ್ತಿದ್ದರಂತೆ. ಅಕ್ಷರಗಳ ಕ್ರಮ ಅವರಿಗೆ ಬೆರಳ ತುದಿಯಲ್ಲಿದೆ. ನಾನು ಇಡೀ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಕೊಟ್ಟಿದ್ದೆ, ತಪ್ಪಿಹೋದ ಪದಗಳಿಗೆ ಗುರುತು ಹಾಕಿಕೊಡಿ ಎಂದು. ಅವರು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದು ಬೇರೆಯದಕ್ಕೆ.

“ದಕಾರ ನೋಡು. ದೆವ್ವ ಇದೆ. ಅದರ ಕೆಳಗೆ ದೋಟಿ ಇದೆ. ಅದಾದ ಮೇಲೆ ದೇವಕಾರ್ಯ. ದೋಟಿ ಅಲ್ಲಿ ಯಾಕೆ ನಿಂತಿದೆ? ದೇ ಆಗಿ, ದೈ ಆಗಿ, ದೊ ಆದ ಮೇಲೆ ಅಲ್ಲವೇ ದೋ ಬರುವುದು?”

ಇದೇ ಬಗೆ ತಕಾರದಲ್ಲಿ, ಗಕಾರದಲ್ಲಿ, ಕಕಾರದಲ್ಲಿ. ಒ-ಕಾರ, ಓ-ಕಾರದ ಪದಗಳೆಲ್ಲ ಎ-ಕಾರದ ಪದಗಳ ಬೆನ್ನಿಗೆ ಅಂಟಿಕೊಂಡಿದ್ದವು. ಆಮೇಲೆ ಮಾಸ್ತರು ಹೇಳಿದ ಮಾತನ್ನು ನಾನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ: “ನಿನ್ನ ಯಂತ್ರ ಇದನ್ನು ದೋ ಎಂದು ಓದುತ್ತಿಲ್ಲ. ದೆ ಎಂದು ಓದಿ, ಮುಂದೆ ಇನ್ನೇನೋ ಇದೆ ಎಂದುಕೊಂಡಿದೆ. ನಾವು ಮಕ್ಕಳಿಗೆ ತಿದ್ದಿಸುವುದೂ ಹಾಗೆಯೇ. ಮೊದಲು ಏತ್ವ, ಆಮೇಲೆ ಕೊಂಬಿನ ಇಳಿ, ಕೊನೆಗೆ ದೀರ್ಘ.”

ಆ ಕ್ಷಣಕ್ಕೆ ನನಗೆ ಎಲ್ಲವೂ ಹೊಳೆಯಿತು. ಲ್ಯಾಪ್‌ಟಾಪ್ ತೆರೆದು, ನಾನು ಕೀಲಿಮಣೆಯಲ್ಲಿ ಬರೆದ ‘ದೋಟಿ’ಯನ್ನೂ ದತ್ತಸಂಚಯದ ‘ದೋಟಿ’ಯನ್ನೂ ಪೈಥಾನ್‌ಗೆ ಕೊಟ್ಟು, ಒಂದೊಂದು ಚಿಹ್ನೆಯ ಸಂಖ್ಯೆಯನ್ನೂ ಕೇಳಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ನಾನು ಬರೆದ ದೋಟಿ ಹೀಗಿತ್ತು: 3238, 3275, 3231, 3263. ನಾಲ್ಕು ಚಿಹ್ನೆ. ದಕಾರ, ಓತ್ವದ ದೀರ್ಘ, ಟಕಾರ, ಗುಡಿಸು. ದತ್ತಸಂಚಯದ ದೋಟಿ ಹೀಗಿತ್ತು: 3238, 3270, 3266, 3285, 3231, 3263. ಆರು ಚಿಹ್ನೆ. ದಕಾರ, ಏತ್ವ, ಕೊಂಬಿನ ಇಳಿ, ದೀರ್ಘ, ಟಕಾರ, ಗುಡಿಸು. ಮಾಸ್ತರು ಮಕ್ಕಳಿಗೆ ಹೇಳಿಕೊಡುವ ಅದೇ ಕ್ರಮ.

ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡೂ ಸಮಾನ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ, ಆದ್ದರಿಂದ ಅಕ್ಷರ ಚಿತ್ರಿಸುವ ತಂತ್ರಾಂಶ ಎರಡನ್ನೂ ಒಂದೇ ರೀತಿ ಬರೆಯುತ್ತದೆ. ಆದರೆ ಎಸ್‌ಕ್ಯುಎಲೈಟ್ ಆ ನಿಯಮವನ್ನು ನೋಡುವುದಿಲ್ಲ, ಬೈಟುಗಳನ್ನು ಇದ್ದಂತೆಯೇ ಹೋಲಿಸುತ್ತದೆ. ಈ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು. ಒಂದು ದೋಟಿಗೆ 12 ಬೈಟು, ಇನ್ನೊಂದಕ್ಕೆ 18.

ಪಟ್ಟಿಯ ಕ್ರಮ ಕೆಟ್ಟದ್ದಕ್ಕೂ ಇದೇ ವಿವರಣೆ. ದಕಾರಕ್ಕೆ ಏತ್ವ ಬಂದ ಮೇಲೆ ದೆವ್ವದಲ್ಲಿ ಬರುವುದು ವಕಾರ, 3253. ದೋಟಿಯಲ್ಲಿ 3266. ದೇವಕಾರ್ಯವೂ ನನ್ನ ಪರಿವರ್ತನೆಯಲ್ಲಿ ಒಡೆದುಹೋಗಿತ್ತು, ಏತ್ವದ ಮುಂದೆ ದೀರ್ಘದ 3285. ಸಂಖ್ಯೆಯ ಪ್ರಕಾರ ಜೋಡಿಸುವ ಯಂತ್ರ ದೋಟಿಯನ್ನು ಅವೆರಡರ ನಡುವೆ ಇಟ್ಟದ್ದು ಅದರ ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಮೂಲ

ಈಗ ನನ್ನ ಪರಿವರ್ತನೆಯ ಕೋಷ್ಟಕಕ್ಕೆ ಹಿಂತಿರುಗಿದೆ. ಹಳೆಯ ನುಡಿಯ ಅಕ್ಷರಶೈಲಿಯಲ್ಲಿ ‘ದೋ’ ಎಂಬುದು ಮೂರು ತುಂಡು: ದೆ, ಅದರ ಪಕ್ಕದ ಕೊಂಬಿನ ಇಳಿ, ದೀರ್ಘ. ನಾನು ಪ್ರತಿ ತುಂಡಿಗೂ ಯೂನಿಕೋಡ್‌ನಲ್ಲಿ ಸಮನಾದದ್ದನ್ನು ಹುಡುಕಿ ಬರೆದಿದ್ದೆ. ದೀರ್ಘದ ಗುರುತಿಗೂ, ಐತ್ವದ ಕೆಳಗಿನ ಗುರುತಿಗೂ ಯೂನಿಕೋಡ್‌ನಲ್ಲಿ ಬೇರೆಬೇರೆ ಸ್ಥಾನಗಳಿವೆ. ಹಾಗಾಗಿ ಕೋಷ್ಟಕ ತುಂಬುವಾಗ ಎಲ್ಲಿಯೂ ಅಡ್ಡಿ ಬರಲಿಲ್ಲ, ಪರಿವರ್ತಿಸಿದ ಪಠ್ಯವೂ ಸುಂದರವಾಗಿ ಕಾಣಿಸಿತು. ಗಿಟ್‌ನಲ್ಲಿ ಹಿಂದಕ್ಕೆ ಹೋಗಿ ನೋಡಿದರೆ ಆ ಸಾಲುಗಳು ಮೊದಲ ದಿನದಿಂದಲೇ ಇದ್ದವು.

ಹೀಗೆ ಒಂದೇ ಚಿಹ್ನೆಯಾಗಿಯೂ ತುಂಡುಗಳಾಗಿಯೂ ಬರೆಯಬಹುದಾದ ಸ್ವರಚಿಹ್ನೆಗಳು ಕನ್ನಡದಲ್ಲಿ ಐದು: ಈ, ಏ, ಐ, ಒ, ಓ ಸ್ವರಗಳವು. ಈಗ ನನ್ನ ಪರೀಕ್ಷೆಯ ಪಟ್ಟಿಯನ್ನು ನೋಡಿ. ಅಡಿಕೆ, ಹಾಳೆ, ಬೆಟ್ಟ, ಚಾಲಿ, ರಾಶಿ, ಬಾಳೆ, ಸುಗ್ಗಿ, ಪರ್ವ, ಅಪ್ಪೆಮಿಡಿ, ತಂಬುಳಿ. ಈ ಐದರಲ್ಲಿ ಒಂದೂ ಇಲ್ಲ. ಕಷ್ಟವೆನಿಸಿದ ಒತ್ತಕ್ಷರಗಳಿಗೆ ಪರೀಕ್ಷೆ ಬರೆದಿದ್ದೆ. ಸುಲಭವೆನಿಸಿದ ಕಾಗುಣಿತಕ್ಕೆ ಬರೆಯುವ ಅಗತ್ಯವೇ ಕಂಡಿರಲಿಲ್ಲ. ತೋಟ, ಕೊನೆ, ಕೊಳೆ, ಗೋಟು, ಸೊಪ್ಪು, ಕೊಟ್ಟಿಗೆ ಎಂದು ದಿನಕ್ಕೆ ನೂರು ಸಲ ಆಡುವ ಊರಿನಲ್ಲಿ ಕುಳಿತು ಆ ಪಟ್ಟಿ ಮಾಡಿದ್ದೆ.

ಕಾರವಾರದ ಗೆಳೆಯ ಇದನ್ನು ಮೊದಲೇ ಊಹಿಸದಿರಲು ಕಾರಣವಿತ್ತು. ಅವನ ಮನೆಮಾತು ಕೊಂಕಣಿ, ನಾಗರಿಯಲ್ಲಿಯೂ ಬರೆಯುತ್ತಾನೆ. ನಾಗರಿಯ ಓ-ಕಾರಕ್ಕೆ ಯೂನಿಕೋಡ್‌ನಲ್ಲಿ ಇಂಥ ಒಡೆದ ರೂಪವಿಲ್ಲ, ಅದು ಯಾವಾಗಲೂ ಒಂದೇ ಚಿಹ್ನೆ. ಎಷ್ಟೋ ವರ್ಷ ನಾಗರಿಯ ಪಠ್ಯದ ಜೊತೆ ಕೆಲಸ ಮಾಡಿದ್ದರೂ ಈ ತೊಡಕು ಅವನ ದಾರಿಗೆ ಬಂದಿರಲಿಲ್ಲ. ತಮಿಳು, ಮಲಯಾಳ, ಬಂಗಾಳಿಗಳಲ್ಲಿ ಬರುತ್ತದೆ.

ದುರಸ್ತಿ

ಮದ್ದು ಯೂನಿಕೋಡ್‌ನಲ್ಲೇ ಇದೆ. ತುಂಡುಗಳನ್ನು ಒಂದುಗೂಡಿಸಿ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಎನ್‌ಎಫ್‌ಸಿ ಎಂದು ಹೆಸರು. ಪೈಥಾನ್‌ನಲ್ಲಿ ಅದಕ್ಕೆ ಸಿದ್ಧ ಸೌಲಭ್ಯವಿದೆ, ಜಾವಾ ಮತ್ತು ಜಾವಾಸ್ಕ್ರಿಪ್ಟ್‌ಗಳಲ್ಲಿಯೂ ಇದೆ. 3270, 3266 ಮೊದಲು 3274 ಆಗುತ್ತವೆ, ಅಂದರೆ ಒ-ಕಾರ. ಅದು 3285ರ ಜೊತೆ ಸೇರಿ 3275 ಆಗುತ್ತದೆ. ಬರೆಯಬೇಕಾದದ್ದು ಒಂದೇ ಸಾಲು. ಚರ್ಚೆ ನಡೆದದ್ದು ಆ ಸಾಲು ಎಲ್ಲಿರಬೇಕು ಎಂಬ ಬಗ್ಗೆ, ಅದೂ ಎರಡು ಸಂಜೆ.

ಅಣ್ಣನ ಮಗಳ ವಾದ ಸ್ಪಷ್ಟವಾಗಿತ್ತು. “ಚಿಕ್ಕಪ್ಪ, ತಪ್ಪು ನಿಮ್ಮ ಕೋಷ್ಟಕದಲ್ಲಿದೆ. ಅಲ್ಲೇ ಸರಿಮಾಡಿ. ಎಲ್ಲ ಕಡೆ ಎನ್‌ಎಫ್‌ಸಿ ಹಾಕಿದರೆ ಮುಂದೆ ಓದುವವರಿಗೆ ಯಾವುದು ಯಾಕೆ ಎಂದು ತಿಳಿಯುವುದಿಲ್ಲ.” ಗೆಳೆಯನದು ಇದಕ್ಕೆ ಎದುರಾದ ವಾದ: ನಾಳೆ ಮಾಸ್ತರು ಇನ್ನೊಂದು ಫೋನಿನಲ್ಲಿ, ಇನ್ನೊಂದು ಕೀಲಿಮಣೆಯಲ್ಲಿ ಪದ ಸೇರಿಸಬಹುದು, ಯಾರಾದರೂ ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಬಹುದು, ಒಳಗೆ ಬರುವ ಪ್ರತಿ ಬಾಗಿಲಲ್ಲೂ ಕಾವಲು ಬೇಕು.

ನಾನು ಕೊನೆಗೆ ಇಬ್ಬರ ಮಾತನ್ನೂ ತೆಗೆದುಕೊಂಡೆ, ರಾಜಿಗಾಗಿ ಅಲ್ಲ. ಕೋಷ್ಟಕದ ತಪ್ಪು ತಪ್ಪೇ, ಅದನ್ನು ತಿದ್ದದೆ ಮುಂದೆ ಎನ್‌ಎಫ್‌ಸಿ ಹಾಕಿದರೆ ನಾವು ಎಫ್‌ಟಿಎಸ್5ನಲ್ಲಿ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದಂತೆ. ಆದರೆ ಹುಡುಕಾಟ ಎಂಬುದು ಎರಡು ಕಡೆಯ ಹೋಲಿಕೆ. ಒಂದು ಕಡೆ ನಮ್ಮ ಕೈಯಲ್ಲಿದೆ, ಇನ್ನೊಂದು ಕಡೆ ಯಾರ ಫೋನಿನಲ್ಲಿದೆಯೋ ಗೊತ್ತಿಲ್ಲ. ಆದ್ದರಿಂದ ಕೋಷ್ಟಕವನ್ನು ತಿದ್ದಿದೆ. ಪದ ಒಳಗೆ ಬರುವಲ್ಲಿ ಒಮ್ಮೆ, ಹುಡುಕುವ ಜಾಗದಲ್ಲಿ ಬರೆದದ್ದಕ್ಕೆ ಒಮ್ಮೆ ಎನ್‌ಎಫ್‌ಸಿ ಮಾಡಿದೆವು, ಬೇರೆಲ್ಲೂ ಇಲ್ಲ. ಮಾಸ್ತರ ಮೂಲ ನುಡಿ ಕಡತಗಳನ್ನು ಮುಟ್ಟದೆ ಹಾಗೆಯೇ ಇಟ್ಟಿದ್ದೆ. ಇಡೀ ಪದಕೋಶವನ್ನು ಅವುಗಳಿಂದ ಮತ್ತೆ ಕಟ್ಟಲು ಒಂದು ನಿಮಿಷವೂ ಬೇಕಾಗಲಿಲ್ಲ. ಈ ಒಂದು ವಿಷಯದಲ್ಲಿ ನನ್ನ ಹಳೆಯ ಅಭ್ಯಾಸ ನಮ್ಮನ್ನು ಕಾಪಾಡಿತು. ಮೂಲವನ್ನು ಅಳಿಸಿ, ಪರಿವರ್ತಿಸಿದ್ದನ್ನು ಮಾತ್ರ ಉಳಿಸಿಕೊಂಡಿದ್ದರೆ ಮಾಸ್ತರು ಕೈಯಿಂದ ತಿದ್ದಿದ್ದು ಯಾವುದು, ಯಂತ್ರ ಕೆಡಿಸಿದ್ದು ಯಾವುದು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ.

ಪರೀಕ್ಷೆಯ ಪಟ್ಟಿಯನ್ನು ಈ ಸಲ ಮಾಸ್ತರೇ ಮಾಡಿಕೊಟ್ಟರು. ಕಾಗುಣಿತದ ಪ್ರತಿ ಚಿಹ್ನೆಗೆ ಎರಡೆರಡು ಪದ, ಪ್ರತಿ ಒತ್ತಿಗೆ ಒಂದು. ತೊಡೆದೇವು ಅದರಲ್ಲಿದೆ, ಒ-ಕಾರ ಏ-ಕಾರ ಎರಡೂ ಇರುವುದರಿಂದ. ಪದಕೋಶ ಕಟ್ಟುವ ಪ್ರತಿ ಸಲವೂ ಈ ಪದಗಳನ್ನು ಕೀಲಿಮಣೆಯಲ್ಲಿ ಬರೆದ ರೂಪದಲ್ಲಿ ಹುಡುಕಿ, ಒಂದು ಸಿಗದಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇನ್ನೆರಡು ಸಂಗತಿಗಳು ಇದರ ಹಿಂದೆಯೇ ಬಂದವು. ಒಂದು, ಅಕಾರಾದಿ. ದೋಟಿ ತನ್ನ ಜಾಗಕ್ಕೆ ಬಂದರೂ ಹಾವು, ಹಾಸಿಗೆಗಳಿಗಿಂತ ಮೊದಲೇ ಹಾಳೆ ಬರುತ್ತಿತ್ತು. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ, ಕಟ್ಟಕಡೆಗೆ. ಯೂನಿಕೋಡ್‌ನಲ್ಲಿ ಅದು ಲಕಾರದ ಪಕ್ಕದಲ್ಲೇ 3251ರಲ್ಲಿ ಕುಳಿತಿದೆ. ಯೂನಿಕೋಡ್‌ನ ಸಂಖ್ಯೆ ವಿಳಾಸವಷ್ಟೇ, ಅಕಾರಾದಿ ಅಲ್ಲ. ವರ್ಣಮಾಲೆಯನ್ನು ಕೈಯಿಂದ ಬರೆದು, ಅದರ ಪ್ರಕಾರ ಜೋಡಿಸುವಂತೆ ಮಾಡಿದೆವು. ಅನುಸ್ವಾರ ಎಲ್ಲಿ ಬರಬೇಕೆಂಬುದನ್ನು ಮಾಸ್ತರ ಚೀಟಿಗಳ ಕ್ರಮದಿಂದಲೇ ತೆಗೆದುಕೊಂಡೆವು.

ಇನ್ನೊಂದು, ‘ಪಂಪ್‌ಸೆಟ್’ನಂಥ ಪದಗಳು. ಪಕಾರ ಸಕಾರಗಳು ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಒಂದು ಕಾಣದ ಗುರುತು ಇರುತ್ತದೆ. ಎಫ್‌ಟಿಎಸ್5 ಅದನ್ನು ಬೇಲಿ ಎಂದೇ ತಿಳಿದು ಪದವನ್ನು ಎರಡಾಗಿ ಒಡೆಯುತ್ತಿತ್ತು. ತೋರಿಸುವ ಪಠ್ಯದಲ್ಲಿ ಗುರುತನ್ನು ಉಳಿಸಿ, ಹುಡುಕುವ ಪ್ರತಿಯಲ್ಲಿ ಮಾತ್ರ ತೆಗೆದೆವು. ‘ರ‍್ಯಾಂಕ್’ನಂಥ ಪದಗಳಲ್ಲೂ ಇಂಥದ್ದೇ ಕಾಣದ ಗುರುತಿದೆ, ಅದನ್ನು ಎರಡು ಬೇರೆ ಕ್ರಮದಲ್ಲಿ ಬರೆದ ಪಠ್ಯಗಳು ಓಡಾಡುತ್ತಿವೆ, ಎನ್‌ಎಫ್‌ಸಿ ಅವನ್ನು ಒಂದು ಮಾಡುವುದಿಲ್ಲ. ಮಾಸ್ತರ ಪದಕೋಶದಲ್ಲಿ ಅಂಥ ಪದಗಳು ಕಡಿಮೆ, ಈಗಿನ ಮಟ್ಟಿಗೆ ಕೈಯಿಂದಲೇ ನೋಡಿಕೊಂಡಿದ್ದೇವೆ.

ಮತ್ತೆ ಜಗುಲಿಯಲ್ಲಿ

ಜುಲೈ ಕೊನೆಯ ವಾರ. ಮಳೆ ಬಿಡದೆ ಹಿಡಿದಿತ್ತು, ಕೊಳೆರೋಗದ ಚಿಂತೆಯಲ್ಲಿ ಊರಿಗೆ ಊರೇ ಬೋರ್ಡೋ ದ್ರಾವಣದ ಎರಡನೆಯ ಸುತ್ತಿಗೆ ಬಿಸಿಲು ಕಾಯುತ್ತಿತ್ತು. ಹೊಸ ಪ್ರತಿಯನ್ನು ಮಾಸ್ತರ ಫೋನಿಗೆ ಹಾಕಿಕೊಟ್ಟೆ. ಅವರು ನಿಧಾನವಾಗಿ ‘ದೋಟಿ’ ಬರೆದರು. ಬಂತು. ಹಿಂದಿನ ಪದ ‘ದೊ’ದಿಂದ ಶುರುವಾಗುತ್ತದೆಯೇ ಎಂದು ಪಟ್ಟಿಯಲ್ಲಿ ಮೇಲಕ್ಕೆ ಸರಿಸಿ ನೋಡಿಕೊಂಡರು. ತಮ್ಮದೇ ಮೂರು ಸಾಲನ್ನು ಕನ್ನಡಕ ಏರಿಸಿ ಓದಿದರು: ಅಡಿಕೆ, ತೆಂಗು ಮುಂತಾದವನ್ನು ಕೊಯ್ಯಲು ಬಳಸುವ ಉದ್ದನೆಯ ಬಿದಿರಿನ ಗಳ, ತುದಿಗೆ ಕತ್ತಿ ಅಥವಾ ಕೊಕ್ಕೆ ಕಟ್ಟಿದ್ದು.

ಓದಿ ಮುಗಿಸಿ ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದರು.

“ಬಿದಿರಿನ ಎಂದು ಬರೆದದ್ದು ಸಾಲದು ತಮ್ಮಾ. ಈಗ ಫೈಬರಿನ ದೋಟಿ ಬಂದಿದೆ. ನೆಲದ ಮೇಲೆ ನಿಂತು ಔಷಧಿ ಹೊಡೆಯುವುದಕ್ಕೂ ಅದೇ. ಎರಡನೆಯ ಅರ್ಥ ಬರೆದುಕೊ,” ಎಂದು ಹೇಳಿ, ನಾನು ಲ್ಯಾಪ್‌ಟಾಪ್ ತೆರೆಯುವವರೆಗೂ ಕಾದು, ಒಂದೊಂದೇ ಪದವಾಗಿ ಹೇಳತೊಡಗಿದರು.